ಚೆಂಡು ಕಾಲಲ್ಲಿಲ್ಲದ ಹೊತ್ತು

ಫುಟ್‌ಬಾಲ್ ಆಡುತ್ತೇನೆ ಎಂದು ಎದೆಯುಬ್ಬಿಸಿ ಹೇಳುವವರೆಲ್ಲ ಒಂದು ಸಣ್ಣ ಲೆಕ್ಕವನ್ನು ಮುಚ್ಚಿಡುತ್ತಾರೆ. ಟೀವಿಯಲ್ಲಿ ಬರುವ ದೊಡ್ಡ ದೊಡ್ಡ ಲೀಗುಗಳಲ್ಲೂ 90 ನಿಮಿಷದ ಆಟದಲ್ಲಿ ಚೆಂಡು ನಿಜವಾಗಿ ಆಟದಲ್ಲಿರುವುದು 55ರಿಂದ 60 ನಿಮಿಷ. ಮಿಕ್ಕಿದ್ದೆಲ್ಲ ಥ್ರೋ, ಕಾರ್ನರ್, ಫೌಲು, ಬಿದ್ದವನ ಹೊರಳಾಟ, ರೆಫರಿಯ ಸುತ್ತ ನೆರೆಯುವ ಪಂಚಾಯಿತಿ. ಆ 60 ನಿಮಿಷವನ್ನು 22 ಜನಕ್ಕೆ ಹಂಚಿದರೆ ತಲೆಗೆ ಮೂರು ನಿಮಿಷವೂ ದಕ್ಕುವುದಿಲ್ಲ. ಬೆಂಗಳೂರಿನ ಪೂರ್ವ ಭಾಗದ ಒಂದು ಮಣ್ಣಿನ ಮೈದಾನದಲ್ಲಿ ನಡೆಯುವ ನಮ್ಮ ಭಾನುವಾರದ ಲೀಗಿನಲ್ಲಂತೂ ಒಂದೊಂದು ಹಾಫ್ 35 ನಿಮಿಷದ್ದು. ಚೆಂಡು ಮೋರಿಗೆ ಬಿದ್ದ ಹೊತ್ತು, ಕಾಂಪೌಂಡು ಹಾರಿದ ಹೊತ್ತು, ರಸ್ತೆಯಲ್ಲಿ ನಿಂತ ಟೆಂಪೋದ ಅಡಿಗೆ ಹೊಕ್ಕು ಕೂತ ಹೊತ್ತು ಎಲ್ಲವನ್ನೂ ಕಳೆಯಬೇಕು. ಮೇಲಾಗಿ ನಾನು ಲೆಫ್ಟ್ ಬ್ಯಾಕ್. ನನ್ನ ಪಾಲಿಗೆ ಒಂದು ನಿಮಿಷ ಬಂತೆಂದರೆ ಆ ವಾರ ಹಬ್ಬ.

ಹಾಗಾದರೆ ವಾರವೆಲ್ಲ ಕಾದು, ಭಾನುವಾರದ ನಿದ್ದೆ ಕೆಡಿಸಿಕೊಂಡು, ಮನೆಯವರ ಓರೆನೋಟ ದಾಟಿ ನಾನು ಅಲ್ಲಿಗೆ ಹೋಗಿ ಮಾಡುವುದೇನು? ಚೆಂಡಿಲ್ಲದೆ ಆಡುವುದು. ತಮಾಷೆಗೆ ಹೇಳುತ್ತಿಲ್ಲ. ಫುಟ್‌ಬಾಲಿನ ಮುಕ್ಕಾಲು ಪಾಲು ರುಚಿ ಇರುವುದು ಅಲ್ಲೇ. ಆ ರುಚಿಯನ್ನು ಸವಿಯಲು ಪ್ರತಿಭೆಯೂ ಬೇಕಿಲ್ಲ ಎನ್ನುವುದು ನಮ್ಮಂಥವರ ಪುಣ್ಯ.

ಚೆಂಡಿಲ್ಲದ ಆಟ ಶುರುವಾಗುವುದು ಸೀಟಿಗಿಂತ ಎಷ್ಟೋ ಮುಂಚೆ. ಬೆಳಗಿನ ಏಳು ಗಂಟೆಯ ಮ್ಯಾಚಿಗೆ ನಮ್ಮ ಕ್ಯಾಪ್ಟನ್ ಆರೂವರೆಯಿಂದ ತಲೆ ಎಣಿಸುತ್ತಿರುತ್ತಾನೆ. ನಿಯಮದ ಪ್ರಕಾರ ಒಂದು ಕಡೆ ಏಳು ಜನರಾದರೂ ಇಲ್ಲದಿದ್ದರೆ ಆಟ ಆರಂಭಿಸುವ ಹಾಗಿಲ್ಲ. ಹನ್ನೊಂದು ಎನ್ನುವುದು ನಮ್ಮ ಆಸೆ, ಏಳು ಎನ್ನುವುದು ನಮ್ಮ ಮಾನ. ಕ್ಯಾಪ್ಟನ್ ಫೋನು ಹಚ್ಚುತ್ತಾನೆ: "ಎಲ್ಲಿದೀಯ ಗುರು?" ಆ ಕಡೆಯಿಂದ ಉತ್ತರ: "ಬಂದೇ ಬಿಟ್ಟೆ ಅಣ್ಣ, ಗೇಟ್ ಹತ್ರ ಇದೀನಿ." ಹಿನ್ನೆಲೆಯಲ್ಲಿ ಕುಕ್ಕರ್ ಕೂಗುವುದು ಸ್ಪಷ್ಟವಾಗಿ ಕೇಳಿಸುತ್ತದೆ. ಯಾವ ಗೇಟು ಎಂದು ಕ್ಯಾಪ್ಟನ್ ಕೇಳುವುದಿಲ್ಲ. ಕೇಳಿದರೆ ಆ ಹುಡುಗ ಬರುವುದೇ ಇಲ್ಲ ಎನ್ನುವ ಭಯ.

ಬಂದವರನ್ನು ನೋಡುವುದೇ ಒಂದು ಸೊಗಸು. ಮೊಬೈಲ್ ರಿಪೇರಿ ಅಂಗಡಿಯವನು, ಬ್ಯಾಂಕಿನವನು, ಆಂಬುಲೆನ್ಸ್ ಓಡಿಸುವವನು, ರಾತ್ರಿ ಪಾಳಿ ಮುಗಿಸಿ ನೇರವಾಗಿ ಕ್ಯಾಬಿನಲ್ಲಿ ಬಂದಿಳಿದ ಇಬ್ಬರು ಸಾಫ್ಟ್‌ವೇರ್ ಹುಡುಗರು, ಸರಕಾರಿ ಶಾಲೆಯ ಪಿ.ಟಿ. ಮೇಷ್ಟ್ರು. ಒಬ್ಬೊಬ್ಬರೂ ಬ್ಯಾಗು ತೆರೆದು ಹೋದ ವಾರದ ಕೆಮ್ಮಣ್ಣು ಅಂಟಿದ ಸ್ಟಡ್ಸ್ ತೆಗೆದು ಒಂದಕ್ಕೊಂದು ಬಡಿಯುತ್ತಾರೆ. ಒಬ್ಬನಿಗೆ ಶಿನ್ ಪ್ಯಾಡ್ ಮರೆತಿರುತ್ತದೆ. ರಟ್ಟಿನ ಡಬ್ಬ ಹರಿದು ಸ್ಟಾಕಿಂಗ್ಸಿನೊಳಗೆ ತೂರಿಸುತ್ತಾನೆ. ಇನ್ನೊಬ್ಬ ಮೊಣಕಾಲಿಗೆ ಸ್ಪ್ರೇ ಹೊಡೆಯುತ್ತಾನೆ, ಅದರ ಕರ್ಪೂರದಂಥ ಘಾಟು ಮೂಗಿಗೆ ತಾಗಿದ ಕೂಡಲೇ ನನ್ನ ಕಾಲು ತಾನಾಗಿ ಕುಣಿಯತೊಡಗುತ್ತದೆ. ಮೈದಾನದಲ್ಲಿ ಸುಣ್ಣದ ಪುಡಿಯ ಗೆರೆಗಳು ಅರ್ಧ ಅಳಿಸಿರುತ್ತವೆ. ಪಕ್ಕದಲ್ಲೇ ಟೆನಿಸ್ ಬಾಲ್ ಕ್ರಿಕೆಟ್ಟಿನವರ ಮಿಡ್‌ವಿಕೆಟ್ ಫೀಲ್ಡರ್ ನಮ್ಮ ಪೆನಾಲ್ಟಿ ಬಾಕ್ಸಿನೊಳಗೆ ನಿಂತಿರುತ್ತಾನೆ. ಅವನನ್ನು ಎಬ್ಬಿಸುವುದು ಬೇಡ ಎಂದು ಎರಡೂ ಆಟಗಳ ನಡುವೆ ಬಹಳ ಹಿಂದೆಯೇ ರಾಜಿಯಾಗಿದೆ.

ಇನ್ನು ಆಟ. ಲೆಫ್ಟ್ ಬ್ಯಾಕಿನಲ್ಲಿ ನಿಂತವನಿಗೆ ಮೈದಾನ ಓರೆಯಾಗಿ ಕಾಣುತ್ತದೆ. ಎಡಗಡೆ ಗೆರೆ, ಗೆರೆಯಾಚೆ ಚೀಲಗಳ ರಾಶಿ, ಬಲಗಡೆ ಇಡೀ ಲೋಕ. ಚೆಂಡು ಆ ತುದಿಯಲ್ಲಿದ್ದಾಗ ನೋಡುವವರೆಲ್ಲ ಚೆಂಡನ್ನೇ ನೋಡುತ್ತಾರೆ. ಆಡುವವನು ಹಾಗೆ ನೋಡುವಂತಿಲ್ಲ. ಒಂದು ಕಣ್ಣು ಚೆಂಡಿನ ಮೇಲೆ, ಇನ್ನೊಂದು ಬೆನ್ನ ಹಿಂದೆ ಮೆಲ್ಲಗೆ ಜಾರುತ್ತಿರುವ ಎದುರಾಳಿ ವಿಂಗರ್ ಮೇಲೆ. ಚೆಂಡು ಅತ್ತ ಹೋದರೆ ನಾನು ಇತ್ತ ಒಳಕ್ಕೆ ಸರಿಯಬೇಕು, ಸ್ಟಾಪರ್ ಬ್ಯಾಕಿನ ಪಕ್ಕಕ್ಕೆ. ಚೆಂಡು ನನ್ನ ಕಡೆ ತಿರುಗಿದರೆ ಮತ್ತೆ ಹೊರಕ್ಕೆ. ಹೀಗೆ ಒಳಗೆ ಹೊರಗೆ, ಮುಂದೆ ಹಿಂದೆ, ಹತ್ತು ಹೆಜ್ಜೆ, ನಾಲ್ಕು ಹೆಜ್ಜೆ. ಹೊರಗಿನಿಂದ ನೋಡುವವರಿಗೆ ಇವನೇನು ವಾಕಿಂಗಿಗೆ ಬಂದವನೋ ಎನ್ನಿಸಬಹುದು. ಆದರೆ ಆ ನಾಲ್ಕು ಹೆಜ್ಜೆ ಸರಿಯಾದಾಗ ಎದುರಾಳಿ ನನ್ನ ಕಡೆಗೆ ಪಾಸ್ ಕೊಡಬೇಕೆಂದು ತಲೆ ಎತ್ತಿ, ನಾನು ನಿಂತಿರುವುದನ್ನು ಕಂಡು, ಮನಸ್ಸು ಬದಲಾಯಿಸಿ ಬೇರೆಡೆಗೆ ಒದೆಯುತ್ತಾನೆ. ಕೊಡದೆ ಹೋದ ಆ ಪಾಸ್ ನನ್ನ ಸಂಪಾದನೆ. ಅದರ ಸುಖವನ್ನು ಹೇಳಿಕೊಳ್ಳಲು ಹೋದರೆ ಯಾರೂ ನಂಬುವುದಿಲ್ಲ. ನಡೆಯದೇ ಹೋದದ್ದಕ್ಕೆ ಸಾಕ್ಷಿ ಎಲ್ಲಿಂದ ತರುವುದು?

ಇದಕ್ಕಿಂತ ದೊಡ್ಡ ಸುಖ ಆಫ್‌ಸೈಡಿನದು. ಹಿಂದಿನ ಕಾಲದಲ್ಲಿ ಫಾರ್ವರ್ಡ್‌ನ ಮುಂದೆ ಎದುರಾಳಿಗಳು ಮೂವರಾದರೂ ಇರಬೇಕಿತ್ತು. 1925ರಲ್ಲಿ ಅದನ್ನು ಎರಡಕ್ಕೆ ಇಳಿಸಿದರು. ಅಲ್ಲಿಂದ ಗೋಲುಗಳು ಹೆಚ್ಚಿದವು, ಡಿಫೆಂಡರುಗಳ ತಲೆನೋವೂ ಹೆಚ್ಚಿತು. ಆ ಇಬ್ಬರಲ್ಲಿ ಗೋಲ್‌ಕೀಪರ್ ಸಾಮಾನ್ಯವಾಗಿ ಒಬ್ಬ. ಇನ್ನೊಬ್ಬ ನಮ್ಮ ನಾಲ್ವರು ಡಿಫೆಂಡರುಗಳಲ್ಲಿ ಎಲ್ಲರಿಗಿಂತ ಹಿಂದೆ ಉಳಿದವನು. ಆದ್ದರಿಂದ ನಾಲ್ವರೂ ಹಗ್ಗಕ್ಕೆ ಒಣಹಾಕಿದ ಅಂಗಿಗಳ ಹಾಗೆ ಒಂದೇ ಗೆರೆಯಲ್ಲಿ, ಗಾಳಿ ಬಂದಾಗ ಒಟ್ಟಿಗೇ ಅಲುಗಬೇಕು. ನಮ್ಮ ಸ್ಟಾಪರ್ ಪಿ.ಟಿ. ಮೇಷ್ಟ್ರು. ಎದುರಾಳಿ ಉದ್ದದ ಚೆಂಡು ಹಾಕಲು ಕಾಲೆತ್ತಿದ ಕ್ಷಣಕ್ಕೆ ಸರಿಯಾಗಿ "ಮೇಲೆ!" ಎಂದು ಅವರು ಕೂಗುತ್ತಾರೆ. ಶಾಲೆಯ ಡ್ರಿಲ್ಲಿನಲ್ಲಿ ಪಳಗಿದ ದನಿ ಅದು. ನಾಲ್ವರೂ ಎರಡು ಹೆಜ್ಜೆ ಮುಂದಕ್ಕೆ ನುಗ್ಗುತ್ತೇವೆ. ಅವರ ಫಾರ್ವರ್ಡ್ ನಮ್ಮ ಬೆನ್ನ ಹಿಂದೆ ಒಂಟಿಯಾಗಿ, ಎಲ್ಲವೂ ತನ್ನದೇ ಎಂಬ ಖುಷಿಯಲ್ಲಿ ಓಡುತ್ತಿರುತ್ತಾನೆ. ಆಗ ಸೀಟಿ. ಚೆಂಡನ್ನು ಮುಟ್ಟದೆ, ಯಾರನ್ನೂ ಮುಟ್ಟದೆ, ಎರಡೇ ಹೆಜ್ಜೆಯಲ್ಲಿ ಒಂದು ಗೋಲು ತಪ್ಪಿಸುವ ಈ ಕುಶಲತೆಗೆ ಸಮಾನವಾದದ್ದು ಬೇರೆ ಆಟದಲ್ಲಿ ನನಗೆ ಕಂಡಿಲ್ಲ. ನಮ್ಮ ಲೀಗಿನಲ್ಲಿ ಗೆರೆಯ ಬಳಿ ಬಾವುಟ ಹಿಡಿಯುವವರು ಆಯಾ ತಂಡದ ಸಬ್‌ಗಳು, ಅವರ ಒಂದು ಕೈಯಲ್ಲಿ ಫೋನು. ಹಾಗಾಗಿ ಆಫ್‌ಸೈಡು ಒಬ್ಬ ರೆಫರಿಯ ಕಣ್ಣಿಗೆ ಬಿಟ್ಟದ್ದು. ಸೀಟಿ ಬೀಳದೆ ಹೋದ ದಿನ ನಾಲ್ಕು ಅಂಗಿಗಳೂ ಕೈ ಮೇಲೆತ್ತಿ ನಿಂತಿರುತ್ತವೆ, ಚೆಂಡು ಬಲೆಯಲ್ಲಿರುತ್ತದೆ.

ಚೆಂಡಿಲ್ಲದವನ ಇನ್ನೊಂದು ಆಯುಧ ನಾಲಗೆ. "ಮ್ಯಾನ್ ಆನ್!" ಎಂದರೆ ಬೆನ್ನಿಗೆ ಬಂದಿದ್ದಾನೆ, ತಿರುಗಬೇಡ. "ಟೈಮಿದೆ!" ಎಂದರೆ ಉಸಿರು ಬಿಡು, ನೋಡಿ ಕೊಡು. "ನಂದು!" ಎಂದರೆ ನೀನು ಬರಬೇಡ. "ಬಿಡು!" ಎನ್ನುವುದು ಮಾತ್ರ ಅಪಾಯದ ಮಾತು, ಏಕೆಂದರೆ ಎದುರಾಳಿಯ ದಾರಿ ತಪ್ಪಿಸಲೆಂದು ಹಾಗೆ ಕೂಗಿದರೆ ಹಳದಿ ಕಾರ್ಡು. ನಮ್ಮ ಮೈದಾನದಲ್ಲಿ ಇವೆಲ್ಲ ಕನ್ನಡ, ತಮಿಳು, ದಖನಿ ಉರ್ದು, ಇಂಗ್ಲಿಷುಗಳಲ್ಲಿ ಏಕಕಾಲಕ್ಕೆ ಹಾರಾಡುತ್ತವೆ. ಆಟ ನಡೆಯುವಾಗ ಯಾರಿಗೂ ಯಾವ ಭಾಷೆಯೂ ತೊಡಕಾಗಿದ್ದು ನಾನು ಕಂಡಿಲ್ಲ. ಮಿಡ್‌ಫೀಲ್ಡಿನಲ್ಲಿ ಆಡುವ ಆಂಬುಲೆನ್ಸ್ ಡ್ರೈವರಿಗೆ ಹಿಂದೆ ನೋಡುವ ಅಭ್ಯಾಸವೇ ಇಲ್ಲ. ಅವನ ಕನ್ನಡಿ ನಾನು. ನಾನು "ತಿರುಗು" ಎಂದರೆ ಕಣ್ಣು ಮುಚ್ಚಿ ತಿರುಗುತ್ತಾನೆ. ಇಷ್ಟು ನಂಬಿಕೆಯಿಂದ ನನ್ನ ಮಾತು ಕೇಳುವವರು ಮನೆಯಲ್ಲೂ ಇಲ್ಲ, ಆಫೀಸಿನಲ್ಲೂ ಇಲ್ಲ.

ಹೀಗೆಂದ ಮಾತ್ರಕ್ಕೆ ಚೆಂಡು ಕಾಲಿಗಂಟಿದವರನ್ನು ನಾನು ಹಗುರವಾಗಿ ಕಾಣುತ್ತೇನೆಂದಲ್ಲ. ಬೆಂಗಳೂರಿನ ದಂಡುಪ್ರದೇಶದ ಗಲ್ಲಿಗಳಲ್ಲಿ ಹಾಗೆ ಹೇಳಿ ದಕ್ಕಿಸಿಕೊಳ್ಳುವುದು ಸಾಧ್ಯವೂ ಇಲ್ಲ. ಆಸ್ಟಿನ್ ಟೌನ್, ಹಲಸೂರು, ಮರ್ಫಿ ಟೌನ್, ಗೌತಮಪುರಗಳು ಚೆಂಡಿನ ಊರುಗಳು. ಗೌತಮಪುರದಲ್ಲಿ ಬುದ್ಧ, ಅಂಬೇಡ್ಕರ್, ಮದರ್ ತೆರೇಸಾ ಮೂರ್ತಿಗಳ ಜೊತೆಗೆ ಪೆಲೆಯ ಮೂರ್ತಿಯೂ ಇದೆ. 1937ರಲ್ಲಿ ರೋವರ್ಸ್ ಕಪ್ಪನ್ನು ಮಿಲಿಟರಿ ತಂಡಗಳ ಕೈಯಿಂದ ಕಿತ್ತ ಮೊದಲ ಭಾರತೀಯ ತಂಡ ಬೆಂಗಳೂರು ಮುಸ್ಲಿಮ್ಸ್. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸ್ ವಿರುದ್ಧ 2–1ರಲ್ಲಿ ಸೋತ, ಬಹುಪಾಲು ಬರಿಗಾಲಲ್ಲೇ ಆಡಿದ ಭಾರತದ ಆ ಒಂದೇ ಗೋಲು ಹೊಡೆದದ್ದು ಮೈಸೂರು ರಾಜ್ಯಕ್ಕಾಗಿ ಆಡುತ್ತಿದ್ದ ಸಾರಂಗಪಾಣಿ ರಾಮನ್. ಅದೇ ತಂಡದಲ್ಲಿದ್ದ ಬೆಂಗಳೂರಿನ ಅಹ್ಮದ್ ಖಾನ್ ಮುಂದೆ ಕೋಲ್ಕತ್ತದ ಈಸ್ಟ್ ಬೆಂಗಾಲ್ ಸೇರಿ, ಅಲ್ಲಿನ ಐವರು ಫಾರ್ವರ್ಡುಗಳಲ್ಲಿ ಒಬ್ಬರಾದರು. ಆ ಐವರನ್ನು ಬಂಗಾಳಿಗಳು ಪಂಚಪಾಂಡವರೆಂದೇ ಕರೆದರು. ಚೆಂಡಿನ ಮೇಲೆ ಖಾನರಿಗಿದ್ದ ಹಿಡಿತಕ್ಕೆ ಅವರಿಗೆ ಸಿಕ್ಕ ಅಡ್ಡಹೆಸರು ಹಾವಾಡಿಗ. ಆದರೆ ಐವರೂ ಒಟ್ಟಿಗೇ ಪುಂಗಿ ಊದಲಾಗುವುದಿಲ್ಲವಲ್ಲ. ಖಾನರ ಕಾಲಿನಲ್ಲಿ ಚೆಂಡಿದ್ದಷ್ಟು ಹೊತ್ತು ಉಳಿದ ನಾಲ್ವರು ಓಡುತ್ತಿದ್ದರು; ಅವರ ಓಟವೇ ಎದುರಾಳಿಗಳನ್ನು ಚದುರಿಸಿ ಖಾನರಿಗೆ ಜಾಗ ಮಾಡಿಕೊಟ್ಟಿರಬೇಕು ಎಂದು ನಾನು ಊಹಿಸಿ ಖುಷಿಪಡುತ್ತೇನೆ.

ಹೋದ ಸೀಸನ್ನಿನ ಒಂದು ಮ್ಯಾಚು ಇದಕ್ಕೆ ನನ್ನ ಕಡೆಯ ಪುರಾವೆ. ಎದುರಿಗಿದ್ದದ್ದು ಕಾಲೇಜು ಹುಡುಗರ ತಂಡ. ಗಡ್ಡ ಇನ್ನೂ ಸರಿಯಾಗಿ ಬಂದಿರದ, ದಣಿವೆಂದರೇನೆಂದು ತಿಳಿಯದ ಹುಡುಗರು. ಮೊದಲ ಹಾಫಿನಲ್ಲಿ ಒಂದು ಗೋಲು ಹೊಡೆದು ಎರಡನೆಯದಕ್ಕೆ ಹೊಂಚು ಹಾಕುತ್ತಿದ್ದರು. ಅವರಿಗೊಬ್ಬ ಕೋಚ್ ಬೇರೆ: ಟೋಪಿ, ಕೊರಳಲ್ಲಿ ಸೀಟಿ, ಕೈಯಲ್ಲಿ ಪುಸ್ತಕ. ನಮ್ಮ ಕೋಚು, ಮ್ಯಾನೇಜರು, ಖಜಾಂಚಿ, ನೀರು ತರುವವನು ಎಲ್ಲ ನಮ್ಮ ಕ್ಯಾಪ್ಟನ್ನೇ.

ಎರಡನೇ ಹಾಫಿನ ಕೊನೆಯ ಭಾಗ. ಬಿಸಿಲೇರಿ ಮಣ್ಣು ಕಾಯತೊಡಗಿತ್ತು. ನಮ್ಮ ಎಡ ವಿಂಗಿನಲ್ಲಿ ಮೊಬೈಲ್ ಅಂಗಡಿಯವನಿಗೆ ಚೆಂಡು ಸಿಕ್ಕಿತು. ಅವನ ಬಲಗಾಲು ಬಂಗಾರ, ಎಡಗಾಲು ಬರೀ ನಿಲ್ಲಲಿಕ್ಕೆ. ಎದುರಾಳಿ ರೈಟ್ ಬ್ಯಾಕಿಗೆ ಆ ಬಲಗಾಲಿನ ವಿಷಯ ಗೊತ್ತಾಗಿತ್ತು. ಒಳಕ್ಕೆ ತಿರುಗುವ ದಾರಿಯನ್ನು ಮುಚ್ಚಿ ನಿಂತಿದ್ದ. ನಾನು ಹಿಂದಿನಿಂದ ಹೊರಟೆ. ಗೆರೆಯಂಚಿನಲ್ಲಿ, ಚೀಲಗಳ ರಾಶಿಗೆ ತಾಗುವಷ್ಟು ಹತ್ತಿರದಿಂದ, ನನ್ನ ವಯಸ್ಸಿಗೆ ತಕ್ಕ ವೇಗದಲ್ಲಿ, "ಕೊಡು, ಕೊಡು, ಲೈನ್ ಮೇಲೆ ಕೊಡು" ಎಂದು ಬೊಬ್ಬೆ ಹೊಡೆಯುತ್ತ ಅವರಿಬ್ಬರನ್ನೂ ದಾಟಿ ಓಡಿದೆ. ಚೆಂಡು ಬರುವುದಿಲ್ಲ ಎಂದು ನನಗೆ ಗೊತ್ತಿತ್ತು. ಎಡಗಾಲಿನಲ್ಲಿ ಆ ಪಾಸ್ ಕೊಡುವುದು ನಮ್ಮವನ ಹಣೆಬರಹದಲ್ಲೇ ಇರಲಿಲ್ಲ. ಆದರೆ ಹುಡುಗನಿಗೆ ಅದು ಗೊತ್ತಿಲ್ಲವಲ್ಲ! ಅವನು ಎರಡು ಹೆಜ್ಜೆ ನನ್ನ ಜೊತೆ ಬಂದ. ಎರಡೇ ಹೆಜ್ಜೆ. ಮೊಬೈಲ್ ಅಂಗಡಿಯವನು ಒಳಕ್ಕೆ ತಿರುಗಿ, ಬಲಗಾಲಿನಿಂದ ದೂರದ ಕಂಬದ ಕಡೆಗೆ ಸುತ್ತಿಸಿ ಹೊಡೆದ. ಕೀಪರ್ ಹಾರಿದ, ಬೆರಳ ತುದಿಗೂ ಸಿಗಲಿಲ್ಲ.

ಆಮೇಲೆ ನಡೆದದ್ದು ಎಲ್ಲ ಮೈದಾನಗಳಲ್ಲೂ ನಡೆಯುವಂಥದ್ದೇ. ಒಂಬತ್ತು ಜನ ಗೋಲು ಹೊಡೆದವನ ಮೇಲೆ ಬಿದ್ದರು. ರೆಫರಿ ಜೇಬಿನಿಂದ ಹಾಳೆ ತೆಗೆದು ಅವನ ನಂಬರು ಬರೆದುಕೊಂಡರು. ನಾನು ಆ ಮೂಲೆಯ ಕಾರ್ನರ್ ಬಾವುಟದ ಬಳಿ ಸೊಂಟಕ್ಕೆ ಕೈಯಿಟ್ಟು ಏದುಸಿರು ಬಿಡುತ್ತಿದ್ದೆ. ರೆಫರಿಯ ಹಾಳೆಯಲ್ಲಿ ಗೋಲಿಗೆ ಜಾಗವಿದೆ, ಹಳದಿ ಕೆಂಪು ಕಾರ್ಡುಗಳಿಗೆ ಜಾಗವಿದೆ, ಸುಮ್ಮನೆ ಓಡಿದವನಿಗೆ ಇಲ್ಲ. ಅಷ್ಟರಲ್ಲಿ ಎದುರಾಳಿ ಕೋಚ್ ಗೆರೆಯ ಬಳಿಗೇ ಬಂದು ತನ್ನ ರೈಟ್ ಬ್ಯಾಕಿಗೆ ಕೂಗಿದ್ದು ಇಡೀ ಮೈದಾನಕ್ಕೆ ಕೇಳಿಸಿತು: "ಆ ಅಂಕಲ್ ಹಿಂದೆ ಯಾಕೋ ಹೋದೆ? ಅವರ ಕಾಲಲ್ಲಿ ಚೆಂಡಿತ್ತೇನೋ?"

ನನ್ನ ಆಟಕ್ಕೆ ಈವರೆಗೆ ಬಂದ ವಿಮರ್ಶೆಗಳಲ್ಲಿ ಇದಕ್ಕಿಂತ ಮೇಲಾದದ್ದು ಇನ್ನೊಂದಿಲ್ಲ. ಅಂಕಲ್ ಎಂದದ್ದನ್ನೂ ಸೇರಿಸಿಯೇ ಹೇಳುತ್ತಿದ್ದೇನೆ.

ಮ್ಯಾಚು 1–1ರಲ್ಲಿ ಮುಗಿಯಿತು. ಮೂಲೆಯ ದರ್ಶಿನಿಯಲ್ಲಿ ಇಡ್ಲಿ ವಡೆ ಮುಂದಿಟ್ಟುಕೊಂಡು ಎಲ್ಲರೂ ಆ ಗೋಲನ್ನು ಮತ್ತೆ ಮತ್ತೆ ಹೊಡೆದರು. ಒಂದೊಂದು ಸಲ ಹೊಡೆದಾಗಲೂ ದೂರ ಎರಡು ಗಜ ಹೆಚ್ಚಿತು. ಮೊಬೈಲ್ ಅಂಗಡಿಯವನು ಎರಡನೇ ಕಾಫಿ ಹೇಳಿ ನನ್ನ ಕಡೆ ತಿರುಗಿ ಕೇಳಿದ: "ಅಣ್ಣ, ಅಷ್ಟು ಕೂಗಿದ್ರಲ್ಲ, ನಾನು ಕೊಟ್ಟಿದ್ರೆ ಏನ್ ಮಾಡ್ತಿದ್ರಿ?"

"ನಿಂಗೇ ವಾಪಸ್ ಕೊಡ್ತಿದ್ದೆ ಕಣೋ" ಎಂದೆ. ನಿಜವಾಗಿಯೂ ಅಷ್ಟೇ ಮಾಡುತ್ತಿದ್ದೆ. ಚೆಂಡು ಕಾಲಲ್ಲಿಟ್ಟುಕೊಂಡು ನಿಂತರೆ ನನಗೆ ಆಟ ಕಾಣುವುದಿಲ್ಲ.