ನೆರಳು ಮತ್ತು ಮುಖ

ದೆವ್ವದ ಸಿನಿಮಾಗಳನ್ನು ನೋಡುವ ಚಟ ನನಗಿದೆಯೆಂಬುದು ಬಂಧುಗಳಿಗೆಲ್ಲ ತಿಳಿದಿರುವ ಗುಟ್ಟು. ನಿವೃತ್ತಿಯ ನಂತರ ಅದು ತುಸು ಹೆಚ್ಚಿದೆಯೆಂದೇ ಹೇಳಬೇಕು. ಈ ವಯಸ್ಸಿನಲ್ಲಿ ಇದೆಲ್ಲ ಏಕೆ ಎಂದು ಕೇಳುವವರಿಗೆ ನನ್ನ ಉತ್ತರವಿಷ್ಟೆ: ಪ್ರೌಢಶಾಲೆಯಲ್ಲಿ ವರ್ಷಗಟ್ಟಲೆ 'ಬೆಳಕು' ಎಂಬ ಅಧ್ಯಾಯವನ್ನು ಪಾಠ ಮಾಡಿದವನಿಗೆ, ಆ ಅಧ್ಯಾಯದ ಅತ್ಯುತ್ತಮ ಪ್ರಯೋಗಗಳು ಕಂಡದ್ದು ಈ ಚಿತ್ರಗಳಲ್ಲಿಯೇ.

ನನ್ನ ವಿದ್ಯಾರ್ಥಿಗಳಾಗಿದ್ದವರಿಗೆ ಮೇಣದಬತ್ತಿಯ ಪ್ರಯೋಗ ನೆನಪಿರಬಹುದು. ಕೈಯನ್ನು ದೀಪದ ಸಮೀಪಕ್ಕೆ ತಂದಂತೆಲ್ಲ ಗೋಡೆಯ ಮೇಲಿನ ನೆರಳು ಹಿಗ್ಗುತ್ತದೆ. 1922ರಲ್ಲಿ ಜರ್ಮನಿಯ ನಿರ್ದೇಶಕ ಮುರ್ನೌ ತನ್ನ 'ನೋಸ್ಫೆರಾಟು' ಚಿತ್ರದಲ್ಲಿ ಮಾಡಿದ್ದು ಇಷ್ಟನ್ನೇ. ರಕ್ತ ಹೀರುವ ಕೌಂಟ್ ಓರ್ಲೋಕ್ ಮೆಟ್ಟಿಲೇರಿ ನಾಯಕಿಯ ಕೋಣೆಯತ್ತ ಬರುವಾಗ ನಮಗೆ ಅವನು ಕಾಣುವುದಿಲ್ಲ. ಗೋಡೆಯ ಮೇಲೆ ಬಾಗಿದ ಬೆನ್ನು, ಉಗುರು ಬೆಳೆದ ಬೆರಳುಗಳ ನೆರಳಷ್ಟೇ ಏರುತ್ತದೆ. ಕೊನೆಗೆ ಆ ಕೈಯ ನೆರಳು ಆಕೆಯ ಎದೆಯ ಮೇಲೆ ಹರಿದು ಮುಷ್ಟಿ ಕಟ್ಟುತ್ತದೆ, ಆಕೆ ನೋವಿನಿಂದ ನಲುಗುತ್ತಾಳೆ. ನೆರಳಿಗೆ ತೂಕವಿಲ್ಲವೆಂದು ಬಲ್ಲ ನನಗೂ ಅಲ್ಲಿ ಉಸಿರು ಕಟ್ಟುತ್ತದೆ. ಅದೇ ಚಿತ್ರದಲ್ಲಿ ಕಾಡಿನ ದಾರಿಯ ಒಂದು ತುಣುಕನ್ನು ನೆಗೆಟಿವ್ ಆಗಿಯೇ ತೋರಿಸಲಾಗಿದೆ. ಮರಗಳು ಬೆಳ್ಳಗೆ, ಆಕಾಶ ಕಪ್ಪು. ಯಾವ ಹೊಸ ವಸ್ತುವನ್ನೂ ಸೇರಿಸದೆ, ಇದ್ದ ಕಾಡನ್ನೇ ಪರಲೋಕವನ್ನಾಗಿಸಿದ ಜಾಣ್ಮೆ ಇದು. (ನಮ್ಮ ತೊಗಲುಬೊಂಬೆಯಾಟದ ರಾವಣನೂ ನೆರಳೇ ಅಲ್ಲವೇ ಎಂದು ಕೇಳಬಹುದು. ಆದರೆ ನಮ್ಮ ಬೊಂಬೆಗಳ ತೊಗಲು ಬೆಳಕನ್ನು ಒಳಬಿಡುತ್ತದೆ, ಬಣ್ಣ ಹೊಳೆಯುತ್ತದೆ. ಆದ್ದರಿಂದಲೇ ಆ ರಾವಣನನ್ನು ಕಂಡು ಮಕ್ಕಳು ನಗುತ್ತಾರೆ.)

1942ರ 'ಕ್ಯಾಟ್ ಪೀಪಲ್' ನನಗೆ ಇನ್ನೂ ಪ್ರಿಯ. ನಿರ್ಮಾಪಕ ವ್ಯಾಲ್ ಲ್ಯೂಟನ್, ನಿರ್ದೇಶಕ ಜಾಕ್ ಟೂರ್ನರ್. ಕೈಯಲ್ಲಿ ಹಣ ಕಡಿಮೆ. ಕಥೆಯೋ, ತಾನು ಚಿರತೆಯಾಗಿಬಿಡುವೆನೆಂದು ನಂಬಿದ ಹೆಂಗಸಿನದು. ಆಕೆಯ ಗಂಡನನ್ನು ಪ್ರೀತಿಸುವ ಇನ್ನೊಬ್ಬಳು ರಾತ್ರಿ ಉದ್ಯಾನದ ಬದಿಯ ರಸ್ತೆಯಲ್ಲಿ ಒಂಟಿಯಾಗಿ ನಡೆಯುತ್ತಾಳೆ. ಒಂದು ಬೀದಿದೀಪದ ಬೆಳಕಿನ ವೃತ್ತ, ಅನಂತರ ಕತ್ತಲೆ, ಮತ್ತೆ ಬೆಳಕು. ಹಿಂದೆ ಇನ್ನೊಂದು ಜೊತೆ ಪಾದರಕ್ಷೆಗಳ ಸದ್ದು. ಹಠಾತ್ತನೆ ಅದು ನಿಂತುಹೋಗುತ್ತದೆ. ಬೆಳಕಿನ ಮುಂದಿನ ವೃತ್ತಕ್ಕೆ ಯಾರೂ ಬರುವುದಿಲ್ಲ. ಇವಳು ಬಿರುಸಾಗಿ ಹೆಜ್ಜೆಹಾಕುತ್ತಾಳೆ, ಓಡುತ್ತಾಳೆ. ಆಗ ಪಕ್ಕದಿಂದ 'ಹುಸ್ಸ್' ಎಂದು ಬುಸುಗುಟ್ಟುತ್ತ ಪರದೆಗೆ ನುಗ್ಗುವುದು ಒಂದು ಬಸ್ಸು! ಇಂಥ ಹುಸಿ ಬೆಚ್ಚುಬೀಳಿಸುವಿಕೆಗೆ ಸಿನಿಮಾದವರು ಇಂದಿಗೂ 'ಲ್ಯೂಟನ್ ಬಸ್' ಎನ್ನುತ್ತಾರೆ. ಈಗಿನ ಚಿತ್ರಗಳು ಆ ಬಸ್ಸನ್ನು ಮಾತ್ರ ಉಳಿಸಿಕೊಂಡು, ಅದರ ಹಿಂದಿನ ನಡಿಗೆಯನ್ನು ಕೈಬಿಟ್ಟಿವೆಯೆಂಬುದು ನನ್ನ ದೂರು.

ಭಯಕ್ಕೆ ಕತ್ತಲೆಯೇ ಬೇಕೆಂದಿಲ್ಲ. 1961ರ 'ದಿ ಇನೊಸೆಂಟ್ಸ್' ಚಿತ್ರದಲ್ಲಿ ಹಗಲಿನಲ್ಲಿ, ಕೊಳದ ಆಚೆಯ ಜೊಂಡಿನ ನಡುವೆ, ಕಪ್ಪು ಉಡುಪಿನ ಹೆಂಗಸೊಬ್ಬಳು ಸುಮ್ಮನೆ ನಿಂತಿರುತ್ತಾಳೆ. ಕ್ಯಾಮೆರಾ ಹತ್ತಿರ ಹೋಗುವುದಿಲ್ಲ. ಬೇರೆ ದೃಶ್ಯಗಳಲ್ಲಿ ಛಾಯಾಗ್ರಾಹಕ ಫ್ರೆಡ್ಡಿ ಫ್ರಾನ್ಸಿಸ್ ಅಗಲವಾದ ಪರದೆಯ ಅಂಚುಗಳನ್ನು ಮಬ್ಬಾಗಿಸಲು ಕೈಯಿಂದ ಬಣ್ಣ ಬಳಿದ ಫಿಲ್ಟರುಗಳನ್ನು ಬಳಸಿದರು. ನಡುವೆ ಮೇಣದಬತ್ತಿ ಹಿಡಿದ ನಾಯಕಿ. ನಮ್ಮ ಕಣ್ಣು ಮಾತ್ರ ಪದೇ ಪದೇ ಆ ಮಬ್ಬಿನತ್ತಲೇ ಹೋಗುತ್ತದೆ.

ಇದುವರೆಗೆ ಹೇಳಿದ್ದೆಲ್ಲ ಮರೆಮಾಚುವ ವಿದ್ಯೆ. ಇನ್ನೊಂದು ವಿದ್ಯೆಯೂ ಇದೆ, ಅದು ತೋರಿಸುವ ವಿದ್ಯೆ. 1925ರ 'ದಿ ಫ್ಯಾಂಟಮ್ ಆಫ್ ದಿ ಆಪೆರಾ' ಚಿತ್ರದಲ್ಲಿ ನಾಯಕಿ ಹಿಂದಿನಿಂದ ಬಂದು ಮುಖವಾಡವನ್ನು ಕಿತ್ತಾಗ, ಆ ವಿರೂಪ ಮುಖ ಆಕೆಗಿಂತ ಮೊದಲು ನಮಗೆ ಕಾಣುತ್ತದೆ. ತಂತ್ರವಾಗಿ ಅದ್ಭುತ. 1984ರ 'ಎ ನೈಟ್‌ಮೇರ್ ಆನ್ ಎಲ್ಮ್ ಸ್ಟ್ರೀಟ್'ನ ಖಳನಿಗೆ ಸುಟ್ಟ ಮುಖವೇ ಗುರುತು. 1979ರ ನಮ್ಮ 'ನಾ ನಿನ್ನ ಬಿಡಲಾರೆ'ಯಲ್ಲಾದರೋ ದೆವ್ವ ಹೊಕ್ಕವನಾಗಿ ಅನಂತನಾಗ್ ಹೆದರಿಸಿದ್ದು ಹೆಚ್ಚಾಗಿ ಕಣ್ಣುಗಳಿಂದ.

ಸುಟ್ಟ ಮುಖದ ವಿಷಯದಲ್ಲಿ ನಾನು ತಟಸ್ಥನಲ್ಲ. ನನ್ನ ತರಗತಿಯಲ್ಲಿ ಒಬ್ಬ ಹುಡುಗಿಯಿದ್ದಳು. ಎಳವೆಯಲ್ಲಿ ಸೀಮೆಎಣ್ಣೆಯ ಸ್ಟೌ ಸಿಡಿದು ಎಡಗೆನ್ನೆಯಿಂದ ಕತ್ತಿನವರೆಗೆ ಚರ್ಮ ಸುಕ್ಕುಗಟ್ಟಿತ್ತು. ಊರಿನಲ್ಲಿ ಒಂದು ದೆವ್ವದ ಚಿತ್ರದ ವಿಡಿಯೋ ಪ್ರದರ್ಶನವಾದ ಮರುದಿನದಿಂದ ಹುಡುಗರು ಅವಳನ್ನು ಆ ದೆವ್ವದ ಹೆಸರಿನಿಂದ ಕರೆಯತೊಡಗಿದರು. ಗದರಿಸಿದೆ; ನನ್ನೆದುರು ನಿಂತಿತು, ಬೆನ್ನ ಹಿಂದೆ ನಿಲ್ಲಲಿಲ್ಲ. ಅವಳು ಸದಾ ಎಡಬದಿಯ ಗೋಡೆಗೆ ಒತ್ತಿಕೊಂಡೇ ಕೂರುತ್ತಿದ್ದಳು. ಕಿಟಕಿ ಮುಚ್ಚಿ ಮೇಣದಬತ್ತಿ ಹಚ್ಚಿದ ದಿನ ಮಾತ್ರ, ಕರೆಯದಿದ್ದರೂ ಮುಂದೆ ಬಂದು ದೀಪಕ್ಕೆ ಕೈ ಹಿಡಿದಳು. ಬೆರಳು ಮಡಿಸಿ ಗೋಡೆಯ ಮೇಲೆ ಜಿಂಕೆಯೊಂದನ್ನು ಓಡಿಸಿದಳು. ತರಗತಿ ಚಪ್ಪಾಳೆ ತಟ್ಟಿತು. ಕಿಟಕಿ ತೆರೆಯುವ ಮೊದಲೇ ಹೋಗಿ ತನ್ನ ಜಾಗದಲ್ಲಿ ಕೂತಿದ್ದಳು.

ಹುಡುಗರಿಗೆ ಆ ಹೆಸರನ್ನು ಕಲಿಸಿದ್ದು ಒಂದು ಕ್ಲೋಸ್-ಅಪ್. ಎಲ್ಮ್ ಸ್ಟ್ರೀಟಿನಂಥ ಚಿತ್ರಗಳನ್ನು ನಾನು ಮೆಚ್ಚಲಾರದ್ದು ಇದಕ್ಕಾಗಿಯೇ, ಹೆದರಿಕೆ ಹೆಚ್ಚೆಂದಲ್ಲ. ಓರ್ಲೋಕನ ನೆರಳನ್ನು ಯಾರ ಮುಖಕ್ಕೂ ಅಂಟಿಸಲಾಗದು, ಆ ಬಸ್ಸನ್ನಂತೂ ಮೊದಲೇ ಆಗದು. 2018ರಲ್ಲಿ ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್, ಮುಖದ ಮೇಲಿನ ಗಾಯದ ಗುರುತನ್ನೇ ಖಳನ ಲಕ್ಷಣವಾಗಿಸುವ ಚಿತ್ರಗಳಿಗೆ ತಾನು ಹಣ ಕೊಡುವುದಿಲ್ಲವೆಂದು ಪ್ರಕಟಿಸಿತು. ಕಲೆಯ ಸ್ವಾತಂತ್ರ್ಯಕ್ಕೆ ಇದು ಧಕ್ಕೆಯೆಂದು ನನ್ನ ಸ್ನೇಹಿತರೊಬ್ಬರು ವಾದಿಸಿದರು. ಮರೆಮಾಚಿ ಹೆದರಿಸಲು ಇಷ್ಟೆಲ್ಲ ದಾರಿಗಳಿರುವಾಗ ಯಾವ ಸ್ವಾತಂತ್ರ್ಯ ಕಡಿಮೆಯಾಯಿತೆಂದು ನಾನು ಕೇಳಿದೆ. ವಾದವಿನ್ನೂ ಮುಗಿದಿಲ್ಲ.

ನೋಡಬಯಸುವವರು 'ಕ್ಯಾಟ್ ಪೀಪಲ್'ನಿಂದ ಆರಂಭಿಸಬಹುದು. ಎಪ್ಪತ್ತಮೂರು ನಿಮಿಷವಷ್ಟೆ. ಕೋಣೆಯ ದೀಪವನ್ನು ಆರಿಸಿ ನೋಡಿ. ಈಜುಕೊಳದ ದೃಶ್ಯದಲ್ಲಿ ಗೋಡೆಯ ಮೇಲೆ ನೀರಿನ ಬೆಳಕು ಅಲುಗಾಡುವಾಗ, ಚಿರತೆ ಎಲ್ಲಿದೆಯೆಂದು ಹುಡುಕುತ್ತಿರಿ. ಸಿಕ್ಕಿದರೆ ನನಗೂ ಬರೆದು ತಿಳಿಸಿ.