ಮಕ್ಕಳ ಬಾಯಲ್ಲಿ ಹೇಳಿಸಬಾರದ ಸುದ್ದಿ

ಮಾರಿಕುಪ್ಪಂ ಕಡೆಯಿಂದ ಬರುವ ಬೆಳಗಿನ ರೈಲು ಕೃಷ್ಣರಾಜಪುರದಲ್ಲಿ ನಿಂತು ಹೋದ ಮೇಲೆ ನಮ್ಮ ಒಪಿಡಿಯ ಬೆಂಚುಗಳು ತುಂಬುತ್ತವೆ. ಕೆಜಿಎಫ್‌ನವರ ತಮಿಳು, ಕುಪ್ಪಂನವರ ತೆಲುಗು, ಮಾಲೂರು, ಬಂಗಾರಪೇಟೆಯವರ ಎರಡೂ ಬೆರೆತ ಕನ್ನಡ. ಇಲ್ಲಿ ವೈದ್ಯೆಯಾದ ನಾನು ಮುಳಬಾಗಿಲು ಕಡೆಯವಳು. ಮನೆಮಾತು ತೆಲುಗು, ಓದಿ ಬರೆದದ್ದು ಕನ್ನಡ. ಕೆಮ್ಮು, ಜ್ವರ, ಮಂಡಿನೋವಿಗೆ ಇಷ್ಟು ಸಾಕಾಗುತ್ತದೆ, ಕೈಸನ್ನೆಯಲ್ಲೂ ನಡೆದುಹೋಗುತ್ತದೆ. ಕಷ್ಟವಾಗುವುದು ಬಯಾಪ್ಸಿ ರಿಪೋರ್ಟ್ ಕೈಗೆ ಬಂದ ದಿನ.

ಅಂಥ ದಿನ ತಾಯಿಯ ಜೊತೆ ಬರುವುದು ಬಹಳ ಸಲ ಶಾಲೆಗೆ ಹೋಗುವ ಮಗನೋ ಮಗಳೋ. ಅಪ್ಪ ಕೆಲಸ ಬಿಟ್ಟು ಬಂದರೆ ಆ ದಿನದ ಕೂಲಿ ಇಲ್ಲ; ಮಕ್ಕಳಿಗಾದರೆ ಕನ್ನಡ ಬರುತ್ತದೆ, ಬೋರ್ಡು ಓದಲೂ ಬರುತ್ತದೆ. ಚೀಟಿ ಮಾಡಿಸುವುದು, ಔಷಧಿ ಕೌಂಟರಿನಲ್ಲಿ ನಿಲ್ಲುವುದು ಎಲ್ಲ ಅವರೇ. ಹಾಗಾಗಿ “ನಿಮ್ಮಮ್ಮನಿಗೆ ಹೀಗಂತ ಹೇಳಪ್ಪ” ಅನ್ನುವುದು ವೈದ್ಯರಿಗೆ ಸುಲಭ. 12 ವರ್ಷದ ಹುಡುಗ ತಾಯಿಯ ಎದೆಯ ಗಂಟು ಏನೆಂದು ತಾನೇ ಮೊದಲು ತಿಳಿದು, ತಾನೇ ಅವಳಿಗೆ ಹೇಳಬೇಕು. ಅವನಿಗೆ ಅಳುವುದಕ್ಕೂ ಬಿಡುವಿಲ್ಲ, ಮುಂದಿನ ವಾಕ್ಯ ಕಾಯುತ್ತಿರುತ್ತದೆ.

ನಾನು ಹುಡುಗನನ್ನು ಆಯಾ ಜೊತೆ ಹೊರಗೆ ಕಳಿಸಿ ತಾಯಿಗೆ ತೆಲುಗಿನಲ್ಲೇ ಹೇಳುತ್ತೇನೆ. ಕೇಳಿದ ಮೇಲೆ ಬಹಳ ಹೆಂಗಸರ ಮೊದಲ ಮಾತು ತಮ್ಮ ಆಯುಸ್ಸಿನ ಬಗ್ಗೆ ಇರುವುದಿಲ್ಲ. “ಪಿಲ್ಲೋಡಿಕಿ ಚೆಪ್ಪಾಕಮ್ಮಾ,” ಹುಡುಗನಿಗೆ ಹೇಳಬೇಡಮ್ಮ ಅನ್ನುತ್ತಾರೆ. ಬಾಗಿಲ ಹೊರಗೆ ಆ ಹುಡುಗ ನನ್ನನ್ನು ತಡೆದು, “ಅಮ್ಮಂಗೆ ಹೇಳಿಬಿಟ್ರಾ ಮೇಡಂ?” ಅಂತ ಕೇಳುತ್ತಾನೆ.

ತೆಲುಗಿನಲ್ಲಿ ಹೇಳುವುದು ನನಗೆ ಹೆಚ್ಚು ಕಷ್ಟ. ಕಾಯಿಲೆಯ ಬಗ್ಗೆ ಕನ್ನಡದಲ್ಲಿ ಮಾತಾಡುವುದನ್ನು ಕಲಿತದ್ದು ಆಸ್ಪತ್ರೆಯಲ್ಲಿ. ಬಿಳಿ ಕೋಟಿನ ಹಾಗೆ ಅದನ್ನು ಸಂಜೆ ಕಳಚಿಡಬಹುದು. ತೆಲುಗಿನಲ್ಲಿ ನನ್ನ ಬಳಿ ಇರುವುದು ನಮ್ಮಜ್ಜ ತೀರಿಕೊಂಡಾಗ ನಮ್ಮಮ್ಮ ಆಡಿದ ಮಾತುಗಳೇ. ಅವನ್ನೇ ಇನ್ನೊಬ್ಬ ತಾಯಿಗೆ ಆಡಿ ಮನೆಗೆ ಹೋದರೆ, ಊಟಕ್ಕೆ ಕರೆಯುವ ಅಮ್ಮನ ದನಿಯೂ ಅದೇ ಭಾಷೆಯದು. ಕೆಲವು ರಾತ್ರಿ ಉತ್ತರ ಗಂಟಲಲ್ಲೇ ಉಳಿಯುತ್ತದೆ. ಇದನ್ನು ವೈದ್ಯರ ದೌರ್ಬಲ್ಯ ಅನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ.

ತಮಿಳು ನನಗೆ ಅರ್ಧಂಬರ್ಧ. ಆದರೂ ಕೆಜಿಎಫ್‌ನ ಹಳೆಯ ಗಣಿ ಕಾರ್ಮಿಕರ ಜೊತೆ ಅದರಲ್ಲೇ ಮಾತಾಡುತ್ತೇನೆ. ಗಣಿ ಮುಚ್ಚಿದ್ದು 2001ರ ಫೆಬ್ರುವರಿ 28ರಂದು. ಕಲ್ಲು ಕೊರೆಯುವಾಗ ಎದೆಗೆ ಇಳಿದ ಸಿಲಿಕಾ ಧೂಳು ಮಾತ್ರ ತನ್ನ ಕೆಲಸ ನಿಲ್ಲಿಸಲಿಲ್ಲ. ಸಿಲಿಕೋಸಿಸ್, ಧೂಳಿನಿಂದ ದೂರವಾದ ಎಷ್ಟೋ ವರ್ಷದ ಮೇಲೂ ಬೆಳೆಯಬಲ್ಲದು. ಗಾಯಗಟ್ಟಿದ ಶ್ವಾಸಕೋಶವನ್ನು ಮೊದಲಿನಂತೆ ಮಾಡುವ ಮದ್ದಿಲ್ಲ. ನಿಲ್ಲದೆ ಎಷ್ಟು ದೂರ ನಡೆಯುತ್ತೀರಿ ಎಂದರೆ, ಪ್ಲಾಟ್‌ಫಾರ್ಮಿನಿಂದ ಸ್ಟೇಷನ್ ಪಕ್ಕದ ಹ್ಯಾಂಗಿಂಗ್ ಬ್ರಿಡ್ಜ್‌ವರೆಗೂ ಆಗಲ್ಲ ಅನ್ನುತ್ತಾರೆ. ವಾಸಿಯಾಗದು ಎಂದು ನಾನು ಹೇಳುವ ಮೊದಲೇ ಅವರಿಗೆ ಗೊತ್ತಿರುತ್ತದೆ, ಅಪ್ಪನನ್ನೋ ಜೊತೆಗಾರನನ್ನೋ ಇದೇ ಏದುಸಿರಿನಲ್ಲಿ ಕಳಕೊಂಡಿರುತ್ತಾರೆ. ನನ್ನ ತಮಿಳು ತಿದ್ದುತ್ತಾ, 3 ಕಿಲೋಮೀಟರಿಗೂ ಮಿಕ್ಕ ಆಳವಿದ್ದ ಆ ಗಣಿಯ ಸೆಕೆ, ಶಿಫ್ಟು, ಗೆಳೆಯರ ಕಥೆ ಹೇಳುತ್ತಾರೆ. ಹೊರಗೆ ಸಾಲು ಕಾಯುತ್ತಿದ್ದರೂ ಪೂರ್ತಿ ಕೇಳುತ್ತೇನೆ. ಅವರಿಗೆ ಕೊಡಲು ನನ್ನ ಹತ್ತಿರ ಮದ್ದಿಗಿಂತ ಕಿವಿಯೇ ಹೆಚ್ಚಿರುವುದು.

2019ರಿಂದ ಎಂಬಿಬಿಎಸ್‌ನ ಆರಂಭದ ಫೌಂಡೇಶನ್ ಕೋರ್ಸಿನಲ್ಲಿ ಸ್ಥಳೀಯ ಭಾಷೆಯ ಪಾಠವಿದೆ, ರೋಗಿಯೊಡನೆ ಮಾತಾಡುವ ಬಗೆಯೂ ಪಠ್ಯಕ್ಕೆ ಸೇರಿದೆ. ಒಳ್ಳೆಯದಾಯಿತು. ಆದರೆ ಆ ಕೆಲವು ವಾರಗಳಲ್ಲಿ ‘ಎಲ್ಲಿ ನೋವು’ ಎಂದು ಕೇಳುವಷ್ಟು ಬಂದೀತು, ‘ಇದು ಕ್ಯಾನ್ಸರ್’ ಎಂದು ಹೇಳಿ ಆಮೇಲೆ ಕೂತಿರುವಷ್ಟು ಬರುವುದಿಲ್ಲ. ಅಂಥ ಮಾತಿಗೆ ಮಾದರಿ ನಮ್ಮಲ್ಲೇ ಇದೆ: ಲೇಖಕಿ ಡಾ. ಅನುಪಮಾ ನಿರಂಜನ ದೇಹದ ಸಂಗತಿಗಳನ್ನು ಮನೆಯ ಹೆಂಗಸರ ಕನ್ನಡದಲ್ಲಿ ಬರೆದರು. 1991ರಲ್ಲಿ ಕ್ಯಾನ್ಸರಿನಿಂದಲೇ ತೀರಿಕೊಂಡ ಅವರ ಬರಹ ಇಂದಿನ ವೈದ್ಯ ವಿದ್ಯಾರ್ಥಿಗಳ ಕೈಗೆ ಸಿಗಬೇಕು.

ನಮ್ಮ ಕಡೆಯ ಆಯಾಗಳಿಗೆ, ಅಟೆಂಡರುಗಳಿಗೆ ಮೂರು ಭಾಷೆ ಸಲೀಸು. ಈಗಲೂ ವಾರ್ಡಿನಲ್ಲಿ ಕೂಗಿ ಕರೆಯುವುದು ಅವರನ್ನೇ, ಅದು ಅವರ ಕೆಲಸದ ಲೆಕ್ಕಕ್ಕೆ ಬರುವುದಿಲ್ಲ, ಅಷ್ಟೇ. ಅವರಿಗೆ ತರಬೇತಿ ಕೊಡಲಿ, ರೋಗಿಯ ಗುಟ್ಟು ಕಾಯುವುದನ್ನು ಕಲಿಸಲಿ, ಸಂಬಳಕ್ಕೆ ಭತ್ಯೆ ಸೇರಿಸಲಿ. ವೈದ್ಯರಿಗೆ ಭಾಷೆ ಬಾರದಿದ್ದಾಗ ರೋಗಿಯ ಪಕ್ಕ ಕೂತು ಮಾತು ದಾಟಿಸುವವರು ಆ ಹುಡುಗನ ಬದಲು ಅವರಾಗಲಿ.