ಮನೆಯೊಳಗಿನ ನೀರುಗಂಟಿ

ಮದ್ದೂರಿನಿಂದ ಮಂಡ್ಯಕ್ಕೆ ಹೋಗುವ ಪ್ಯಾಸೆಂಜರ್ ಗಾಡಿ ಹನಕೆರೆಯಲ್ಲಿ ನಿಲ್ಲುವುದು ಬಹಳ ಹೊತ್ತೇನಲ್ಲ. ಇಳಿದವನು ಹೆಗಲಿನ ಚೀಲವನ್ನು ಸರಿಪಡಿಸಿಕೊಳ್ಳುವಷ್ಟರಲ್ಲಿ ಅದು ಹೊರಟೇಬಿಡುತ್ತದೆ. ಈ ಸೀಮೆಯುದ್ದಕ್ಕೂ ಕಣ್ಣಿಗೆ ಬೀಳುವುದು ಭತ್ತ, ಕಬ್ಬು, ಅವುಗಳ ನಡುವೆ ಕಾಲುವೆ. ಕನ್ನಂಬಾಡಿ ಕಟ್ಟೆಯಿಂದ ಹೊರಟು ಹುಲಿಕೆರೆಯ ಸುರಂಗವನ್ನು ನುಸುಳಿ ಬರುವ ನಾಲೆಗೆ ಮೊದಲು ಇರ್ವಿನ್ ಸಾಹೇಬರ ಹೆಸರಿತ್ತು. ಅನಂತರ ವಿಶ್ವೇಶ್ವರಯ್ಯನವರ ಹೆಸರಾಯಿತು. ಹೆಸರು ಬದಲಾದರೂ ನೀರಿನ ಸ್ವಭಾವ ಬದಲಾಗಲಿಲ್ಲ. ಮೇಲಿನ ಗದ್ದೆಯವನು ಹೆಚ್ಚು ಕಟ್ಟಿಕೊಂಡರೆ ಕೆಳಗಿನವನ ಪೈರು ಒಣಗುತ್ತದೆ. ಯಾವ ತೂಬನ್ನು ಯಾವಾಗ ಎತ್ತಬೇಕು, ಎಷ್ಟು ಎತ್ತಬೇಕು ಎಂಬುದನ್ನು ಬಲ್ಲ ನೀರುಗಂಟಿಗೆ ಆದ್ದರಿಂದಲೇ ಈ ಕಡೆ ಅಷ್ಟು ಮರ್ಯಾದೆ. ಅಷ್ಟೇ ಬೈಗುಳವೂ ಉಂಟು.

ಹನಕೆರೆಯ ಒಂದು ಮನೆಯ ಯಜಮಾನರು ಇಂಥ ನೀರುಗಂಟಿಗಳು. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ನಾಲೆಯ ಏರಿಯ ಮೇಲೆ ತಿರುಗಿ, ನಿವೃತ್ತರಾಗಿ, ಜಗಲಿಯ ಮೇಲೆ ಕುಳಿತವರು. 2021ರಲ್ಲಿ ಅವರಿಗೆ ಲಕ್ವ ಹೊಡೆದು ಬಲಗೈ ಸೋತಿತು. ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದ ಒಬ್ಬನೇ ಮಗ ಹೆಂಡತಿಯನ್ನೂ ಮಗಳನ್ನೂ ಕರೆದುಕೊಂಡು ಊರಿಗೆ ಬಂದ. ರೋಗದ ಹಾವಳಿಯ ಆ ದಿನಗಳಲ್ಲಿ ಎಲ್ಲರೂ ಮನೆಯಿಂದಲೇ ದುಡಿಯುತ್ತಿದ್ದರು. ಯಾರೂ ಆತನನ್ನು ಕೇಳಲಿಲ್ಲ. ಹಾವಳಿ ಇಳಿದು ಕಚೇರಿಗಳು ತೆರೆದ ಮೇಲೆ ಕೇಳಿದರು. ತಂದೆಯ ಸ್ಥಿತಿಯನ್ನು ವಿವರಿಸಿದಾಗ ಮೇಲಧಿಕಾರಿ ಮೂರು ತಿಂಗಳ ಪರೀಕ್ಷೆಯ ಅವಧಿಯನ್ನು ಕೊಟ್ಟ. ಷರತ್ತು ಎರಡು: ಸಭೆಯ ವೇಳೆಯಲ್ಲಿ ಸಂಪರ್ಕ ಕಡಿಯಬಾರದು; ಕಚೇರಿಯ ಯಂತ್ರವು ಮನೆಯ ಟಿ.ವಿ., ಕ್ಯಾಮೆರಾಗಳೊಂದಿಗೆ ಒಂದೇ ಜಾಲದಲ್ಲಿ ಇರಬಾರದು.

ಮೊದಲನೆಯದಕ್ಕೆ ದೇವರನ್ನು ನಂಬಬಹುದಾಗಿತ್ತು. ಎರಡನೆಯದಕ್ಕೆ ಉಪಾಯ ಬೇಕಾಗಿತ್ತು. ಮನೆಯಲ್ಲಿದ್ದ ರೌಟರ್ ಅಗ್ಗದ್ದು; ಬಂದ ನೀರನ್ನೆಲ್ಲ ಒಂದೇ ಗದ್ದೆಗೆ ಬಿಡಲು ಮಾತ್ರ ಬಲ್ಲದು. ಹೊಸದನ್ನು ಕೊಳ್ಳೋಣವೆಂದರೆ ತಂದೆಯ ಔಷಧ, ವ್ಯಾಯಾಮ ಮಾಡಿಸುವವರ ಸಂಬಳ ಎಂದು ತಿಂಗಳ ಲೆಕ್ಕ ಆಗಲೇ ತುಂಬಿತ್ತು. ಆದರೆ ನಡುಮನೆಯ ಮೂಲೆಯಲ್ಲಿ, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಅರ್ಧ ಬೆಲೆಗೆ ಕೊಂಡ ಒಂದು ಹಳೆಯ ಕಂಪ್ಯೂಟರು ಹಗಲಿರುಳೂ ನಡೆಯುತ್ತಿತ್ತು. ಮಗಳ ಚಿತ್ರಗಳು, ತಂದೆಯ ಆಸ್ಪತ್ರೆಯ ಕಾಗದಗಳು, ಎಲ್ಲವೂ ಅದರಲ್ಲಿದ್ದುವು. ಅದರ ಹೊಟ್ಟೆಯಲ್ಲೇ ಒಂದು ರೌಟರನ್ನು ಕೂಡಿಸಿದರೆ ಹೇಗೆ ಎಂದು ಆತ ಯೋಚಿಸಿದ.

ಒಂದು ಯಂತ್ರದೊಳಗೆ, ತಾನೂ ಬೇರೊಂದು ಪೂರ್ಣ ಯಂತ್ರವೆಂದು ನಂಬಿಕೊಂಡು ಕೆಲಸ ಮಾಡುವ ಇನ್ನೊಂದು ಯಂತ್ರ. ಇದಕ್ಕೆ ವರ್ಚುವಲ್ ಮೆಷೀನ್ ಎಂದು ಹೆಸರು. ಕಲ್ಪನೆ ಹೊಸದೇನಲ್ಲ. 1960ರ ದಶಕದಲ್ಲಿಯೇ ಅಮೆರಿಕದ ಐ.ಬಿ.ಎಂ. ಸಂಸ್ಥೆಯವರು ಕೋಣೆ ತುಂಬುವ ಒಂದೊಂದು ಯಂತ್ರವನ್ನು ಹಲವು ಮಂದಿಗೆ ಹಂಚಲು ಇದನ್ನು ಹೂಡಿದ್ದರು. 2007ರಲ್ಲಿ ಲಿನಕ್ಸಿನ ತಿರುಳಿನಲ್ಲಿಯೇ ಕೆ.ವಿ.ಎಂ. ಎಂಬ ಸೌಲಭ್ಯ ಸೇರಿದ ಮೇಲೆ ಬಡವರ ಮನೆಯ ಯಂತ್ರಕ್ಕೂ ಈ ಭಾಗ್ಯ ಬಂತು. ಆತ ಆರಿಸಿಕೊಂಡದ್ದು ಕೆ.ವಿ.ಎಂ. ಅನ್ನು ಸುಲಭವಾಗಿ ನಡೆಸಿಕೊಡುವ, ವಿಯೆನ್ನಾದ ಪ್ರಾಕ್ಸ್‌ಮಾಕ್ಸ್; ಅದರೊಳಗೆ ಓಪಿಎನ್‌ಸೆನ್ಸ್ ಎಂಬ ರೌಟರ್ ತಂತ್ರಾಂಶ. ಎರಡಕ್ಕೂ ಕಾಸು ಕೊಡಬೇಕಾಗಿಲ್ಲ.

ಓಪಿಎನ್‌ಸೆನ್ಸಿನ ವಂಶಾವಳಿಯೂ ಒಂದು ಪಾಲುಪಾರೀಕತ್ತಿನ ಕಥೆ. 2003ರಲ್ಲಿ ಮಾನುಯೆಲ್ ಕಾಸ್ಪರ್ ಎಂಬವರು ಮೊನೋವಾಲ್ ಎಂಬುದನ್ನು ಹೊರತಂದರು. 2004ರಲ್ಲಿ ಅದರಿಂದ ಪಿಎಫ್‌ಸೆನ್ಸ್ ಕವಲೊಡೆಯಿತು. 2015ರಲ್ಲಿ ಪಿಎಫ್‌ಸೆನ್ಸಿನಿಂದ ಓಪಿಎನ್‌ಸೆನ್ಸ್ ಬೇರೆಯಾಯಿತು. ಅದೇ ವರ್ಷ ಕಾಸ್ಪರರು ತಮ್ಮ ಮೊನೋವಾಲನ್ನು ನಿಲ್ಲಿಸಿ, ಓದುಗರು ನಂಬಬೇಕು, ಮೊಮ್ಮಗನ ಮನೆಗೆ ಹೋಗಿರೆಂದು ತಮ್ಮವರಿಗೆ ಹೇಳಿದರು. ದಾಯಾದಿಗಳ ನಡುವೆ ಮಾತು ಬಂದದ್ದೂ ಉಂಟು. ಅದಿರಲಿ.

ಶನಿವಾರ ರಾತ್ರಿ ಕೆಲಸ ಆರಂಭವಾಯಿತು. ಕಂಪ್ಯೂಟರಿನ ಬೆನ್ನಿಗೆ ಎರಡು ಕಿಂಡಿಗಳು. ಒಂದು ಹೊರಗಿನ ಸಂಪರ್ಕಕ್ಕೆ, ಮತ್ತೊಂದು ಮನೆಗೆ. ಎರಡೂ ಅವಳಿಗಳಂತೆ ಇದ್ದುವು. ಒಂದು ಗಂಟೆ ಕಳೆದರೂ ಮನೆಯ ಯಾವ ಯಂತ್ರಕ್ಕೂ ವಿಳಾಸ ಸಿಕ್ಕಲಿಲ್ಲ. ಮಂಚದ ಮೇಲಿನಿಂದಲೇ ನೋಡುತ್ತಿದ್ದ ಯಜಮಾನರು, “ನಾಲೆ ಬಾಯ್ಗೆ ಬಸಿಗಾಲ್ವೆ ಕೂಡ್ಸಿದ್ದೀಯೇನೋ ನೋಡ್ಲಾ” ಎಂದರು. ಅವರು ಹಾಸ್ಯಕ್ಕೆ ಹೇಳಿದ್ದು. ಆದರೆ ಆಗಿದ್ದದ್ದು ಅದೇ.

ತಂತಿಗಳನ್ನು ಅದಲುಬದಲು ಮಾಡಿದ ಮೇಲೆ ಇನ್ನೊಂದು ವಿಚಿತ್ರ ಎದುರಾಯಿತು. ಹೊರಗಿನ ಯಂತ್ರವೊಂದನ್ನು ಕೂಗಿದರೆ ಓಗೊಡುತ್ತದೆ. ಪುಟ ಕೇಳಿದರೆ ಬರುವುದಿಲ್ಲ. ಎರಡನೆಯ ಜಾವದವರೆಗೂ ಆತ ತಲೆ ಕೆರೆದುಕೊಂಡ. ಕಾರಣ ಕೇಳಿದರೆ ನಗು ಬರಬೇಕು. ಜಾಲದಲ್ಲಿ ಸಾಗುವ ಒಂದೊಂದು ಪೊಟ್ಟಣಕ್ಕೂ ಮೊತ್ತದ ತಾಳೆ ಬರೆಯುವುದು ನಿಯಮ. ತಾಳೆ ಸರಿಯಿಲ್ಲದ ಪೊಟ್ಟಣವನ್ನು ಪಡೆದವರು ಎಸೆದುಬಿಡುತ್ತಾರೆ. ಈ ಲೆಕ್ಕವನ್ನು ಸಾಮಾನ್ಯವಾಗಿ ಜಾಲದ ಕಾರ್ಡಿಗೇ ಒಪ್ಪಿಸಿರುತ್ತಾರೆ. ಆದರೆ ಕಲ್ಪನೆಯ ಯಂತ್ರಕ್ಕೆ ಇದ್ದದ್ದು ಕಲ್ಪನೆಯ ಕಾರ್ಡು. ಕಾರ್ಡು ಬರೆಯುತ್ತದೆಂದು ತಂತ್ರಾಂಶ ಸುಮ್ಮನಿತ್ತು. ಕಾರ್ಡು ಇರಲೇ ಇಲ್ಲ. ಬರಿಯ ಕೂಗಿಗೆ ಈ ಏರ್ಪಾಡಿನ ಹಂಗಿಲ್ಲವಾದ್ದರಿಂದ ಅದು ಮಾತ್ರ ದಾಟುತ್ತಿತ್ತು. ಆ ಕೆಲಸವನ್ನು ಕಾರ್ಡಿಗೆ ಒಪ್ಪಿಸಬೇಡವೆಂದು ಒಂದು ಗುರುತು ಹಾಕಿದ ಕೂಡಲೇ ಪುಟಗಳು ಹರಿದುಬಂದುವು.

ಭಾನುವಾರ ಆತ ಒಳಜಾಲವನ್ನು ಮೂರು ಪಾಲು ಮಾಡಿದ: ಕಚೇರಿ, ಮನೆ, ಕ್ಯಾಮೆರಾ. ಒಂದರ ನೀರು ಇನ್ನೊಂದಕ್ಕೆ ಹೋಗದು. ಇಡೀ ಮನೆಗೆ ಹೊರಗೆ ಇರುವುದು ಒಂದೇ ವಿಳಾಸ. ಪ್ರಪಂಚದಲ್ಲಿ ಹಳೆಯ ಮಾದರಿಯ ವಿಳಾಸಗಳು ಒಟ್ಟು 429 ಕೋಟಿಯಷ್ಟು. ಹಂಚಲು ಇಟ್ಟಿದ್ದ ಮೂಲ ಕಣಜ 2011ರ ಫೆಬ್ರವರಿಯಲ್ಲಿಯೇ ಬರಿದಾಯಿತು. ಆದ್ದರಿಂದ ಒಂದು ವಿಳಾಸಕ್ಕೆ ಬಂದ ಪೊಟ್ಟಣಗಳನ್ನು ಒಳಗೆ ಯಾರಿಗೆ ಯಾವುದೆಂದು ಬಿಡಿಸಿ ಕೊಡುವುದು ಈ ರೌಟರಿನ ಕೆಲಸ. ಮಗ ಇದನ್ನೆಲ್ಲ ವಿವರಿಸಿದಾಗ ಯಜಮಾನರಿಗೆ ಬಹಳ ಸಂತೋಷವಾಯಿತು. “ಅಂಗಾರೆ ಇದೂ ನೀರ್ಗಂಟಿ ಅನ್ನು” ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಲ್ಲ ಕಣ್ ಮಗ, ನೀರ್ಗಂಟೀನ ಕರ್ಕೊಂಡೋಗಿ ಗದ್ದೆ ಒಳ್ಗೇ ಮನಗ್ಸಿದ್ದೀಯಲ್ಲ; ಗದ್ದೆ ಮುಳುಗ್ದಾಗ ತೂಬು ಎತ್ತೋರ್ಯಾರು?” ಎಂದು ಕೇಳಿದರು.

“ಅದೆಲ್ಲ ನಿಂಗೆ ಗೊತ್ತಾಗಲ್ಲ ಕಣಪ್ಪ, ಸುಮ್ಕಿರು” ಎಂದ ಮಗ. ಹಳೆಯ ರೌಟರನ್ನು ಮಂಡ್ಯದ ಅಂಗಡಿಗೆ ಕೊಟ್ಟುಬಿಡುವ ಮನಸ್ಸಿತ್ತು. ಯಜಮಾನರು ಒಪ್ಪಲಿಲ್ಲ. ಸೊಸೆಯ ಕೈಯಿಂದ ಅದನ್ನು ಬಟ್ಟೆಯಲ್ಲಿ ಸುತ್ತಿಸಿ ಅಟ್ಟಕ್ಕೆ ಹಾಕಿಸಿದರು.

ಎರಡು ತಿಂಗಳು ಹಾವೂ ಇಲ್ಲ, ಹುಲ್ಲೂ ಇಲ್ಲ. ಮೂರನೆಯ ತಿಂಗಳ ಕೊನೆಯ ಸೋಮವಾರ ಒಂಬತ್ತೂವರೆಗೆ ಮೇಲಧಿಕಾರಿಯೊಡನೆ ಸಭೆ ಗೊತ್ತಾಗಿತ್ತು; ಊರಿನಲ್ಲಿರಬಹುದೇ, ಗಂಟುಮೂಟೆ ಕಟ್ಟಬೇಕೇ ಎಂಬುದು ಅಂದೇ ತೀರ್ಮಾನ. ಹಿಂದಿನ ರಾತ್ರಿ ಗುಡುಗು ಮಳೆ. ವಿದ್ಯುತ್ತು ಹೋಯಿತು, ಕೋಳಿ ಕೂಗುವ ಹೊತ್ತಿಗೆ ಬಂತು. ಕಂಪ್ಯೂಟರು ತಾನಾಗಿ ಎದ್ದಿತು. ಅದರೊಳಗಿನ ರೌಟರು ಏಳಲಿಲ್ಲ.

ಏಳಲಿಲ್ಲವೇಕೆ? “ಮನೆ ಎದ್ದಾಗ ಇದನ್ನೂ ಎಬ್ಬಿಸು” ಎಂಬ ಗುರುತನ್ನು ಪ್ರಾಕ್ಸ್‌ಮಾಕ್ಸಿನಲ್ಲಿ ನಾವೇ ಹಾಕಬೇಕು, ಆತ ಹಾಕಿರಲಿಲ್ಲ. ಇನ್ನೊಂದು ತಪ್ಪು ಇದಕ್ಕಿಂತ ಸೊಗಸಾದದ್ದು. ಕಂಪ್ಯೂಟರಿಗೆ ಸ್ಥಿರವಾದ ವಿಳಾಸವೊಂದಿದ್ದರೆ ಹೇಗೋ ಅದರ ಬಾಗಿಲು ತಟ್ಟಬಹುದಿತ್ತು. ಅಚ್ಚುಕಟ್ಟಾಗಿರಲೆಂದು ಆತ ಅದಕ್ಕೂ ರೌಟರಿನಿಂದಲೇ ವಿಳಾಸ ಪಡೆಯುವಂತೆ ಏರ್ಪಡಿಸಿದ್ದ. ನೀರುಗಂಟಿಯನ್ನು ಎಬ್ಬಿಸಬೇಕಾದ ಯಜಮಾನ, ತನ್ನ ಹೆಸರೇನೆಂದು ಹೇಳಲಿ ಎಂದು ಮಲಗಿದ್ದ ನೀರುಗಂಟಿಯ ಪಕ್ಕದಲ್ಲಿ ಕಾದು ನಿಂತಿದ್ದ! ಮೊಬೈಲಿನ ಸಂಕೇತವಾದರೂ ಆ ಮಳೆಯಲ್ಲಿ ಮಾಳಿಗೆಯ ಮೇಲೆ ಕೊಡೆ ಹಿಡಿದು ನಿಂತವನಿಗೆ ಮಾತ್ರ.

ಗಂಟೆ ಒಂಬತ್ತು ಹದಿನೈದು. ಮಗನ ಮುಖ ಬಾಡಿದ್ದನ್ನು ಸೊಸೆ ನೋಡಿದಳು. ಮಂಚದ ಮೇಲಿದ್ದವರೂ ನೋಡಿದರು. “ನನ್ ದೆಸೆಯಿಂದ ನೀನು ಕೆಲ್ಸ ಕಳ್ಕೋಬೇಡ ಮಗ. ನೀವು ಹೊಂಟೋಗಿ; ನಾನೆಂಗೋ ಇರ್ತೀನಿ” ಎಂದರು. ಆ ಮಾತನ್ನು ಅವರು ಮೂರು ತಿಂಗಳಿಂದ ಬಾಯೊಳಗೆ ಇಟ್ಟುಕೊಂಡಿದ್ದರೆಂದು ತೋರುತ್ತದೆ. ಯಾರೂ ಉತ್ತರ ಕೊಡಲಿಲ್ಲ. ಅನಂತರ ಅವರೇ, “ಅಟ್ಟದ ಮೇಲಿರೋ ಹಳೇ ತೂಬು ಇಳ್ಸವ್ವ” ಎಂದು ಮೊಮ್ಮಗಳಿಗೆ ಹೇಳಿದರು.

ಹಳೆಯ ರೌಟರಿನಲ್ಲಿ ಸಂಪರ್ಕದ ಹೆಸರು, ಗುಟ್ಟಿನ ಪದ ಎರಡೂ ಹಾಗೆಯೇ ಇದ್ದುವು. ಒಂದು ತಂತಿಯನ್ನು ಕಿತ್ತು ಅದಕ್ಕೆ ಚುಚ್ಚಿದ್ದಷ್ಟೇ ಕೆಲಸ. ಎರಡು ನಿಮಿಷದಲ್ಲಿ ಹಸಿರು ದೀಪ ಹತ್ತಿತು. ಎರಡನೆಯ ಷರತ್ತು ಮುರಿಯಬಾರದೆಂದು ಟಿ.ವಿ., ಕ್ಯಾಮೆರಾ ಎಲ್ಲವನ್ನೂ ಆರಿಸಿದ್ದಾಯಿತು. ಯಜಮಾನರು ಬೆಳಗಿನ ವಾರ್ತೆಯನ್ನು ತ್ಯಾಗ ಮಾಡಿದರು. ಒಂಬತ್ತು ಮೂವತ್ತನಾಲ್ಕಕ್ಕೆ ಮಗ ಸಭೆಯಲ್ಲಿ ಕುಳಿತಿದ್ದ. ನಾಲ್ಕು ನಿಮಿಷ ತಡವಾದ ಕಾರಣವನ್ನು ಮುಚ್ಚಿಡದೆ ಹೇಳಿದ. ಹಳೆಯದರಿಂದ ಬಂದಿದ್ದೇನೆಂಬುದನ್ನೂ ಹೇಳಿದ. ಅತ್ತಲಿಂದ ನಗು ಕೇಳಿಸಿತು. ಅಪ್ಪಣೆ ಇನ್ನೊಂದು ವರ್ಷಕ್ಕೆ ಬೆಳೆಯಿತು.

ಮಧ್ಯಾಹ್ನ ಕಂಪ್ಯೂಟರನ್ನು ಟಿ.ವಿ.ಗೆ ಜೋಡಿಸಿ, ಪಕ್ಕದ ಮನೆಯ ಹುಡುಗನಿಂದ ಕೀಲಿಮಣೆ ತಂದು, ವಾರ್ತೆ ಬರುವ ಜಾಗದಲ್ಲಿ “ಕ್ಯೂಎಂ ಸ್ಟಾರ್ಟ್ 100” ಎಂದು ಬರೆದದ್ದೇ ತಡ, ರೌಟರು ಎದ್ದಿತು. ಅಂದೇ ಕಂಪ್ಯೂಟರಿಗೆ ಸ್ಥಿರ ವಿಳಾಸ ಕೊಟ್ಟು, ಎಬ್ಬಿಸುವ ಗುರುತು ಹಾಕಿ, ಎಲ್ಲಕ್ಕಿಂತ ಮೊದಲು ರೌಟರೇ ಏಳಬೇಕೆಂದು ಸರದಿಯನ್ನೂ ಬರೆದ. ಹಳೆಯ ರೌಟರು ಅಟ್ಟದಿಂದ ಇಳಿದು ಗೋಡೆಯ ಮೊಳೆಗೆ ಬಂತು. ಅದರ ಪಕ್ಕದಲ್ಲಿ ಒಂದು ಚೀಟಿ. ಎಡಗೈಯಲ್ಲಿ ಬರೆಯಲು ಕಲಿಯುತ್ತಿದ್ದ ಯಜಮಾನರು ಅದನ್ನು ನಾಲೆಯ ದಫ್ತರದ ಧಾಟಿಯಲ್ಲಿ ಬರೆದರು: ದೀಪ ನೋಡುವುದು. ಹತ್ತು ನಿಮಿಷ ಕಾಯುವುದು. ಬಂದರೆ ಏನನ್ನೂ ಮುಟ್ಟದಿರುವುದು. ಬಾರದಿದ್ದರೆ ನೀಲಿ ತಂತಿ ಕಿತ್ತು ಹಳೇ ತೂಬಿಗೆ ಹಾಕುವುದು.

ಮುಂದೊಂದು ದಿನ ಮಗ ಕಚೇರಿಯ ಕೆಲಸಕ್ಕೆಂದು ಬೆಂಗಳೂರಿನಲ್ಲಿದ್ದಾಗ ಹನಕೆರೆಯಲ್ಲಿ ಮತ್ತೆ ವಿದ್ಯುತ್ತು ಹೋಗಿ ಬಂತು. ರಾತ್ರಿ ಗಾಬರಿಯಿಂದ ಆತನೇ ಮನೆಗೆ ಮಾತನಾಡಿದ. ಎತ್ತಿಕೊಂಡವಳು ಮಗಳು.

“ತಾತ ಗಡಿಯಾರ ಇಟ್ಕೊಂಡು ಹತ್ತು ನಿಮಿಷ ಮುಂದೇನೇ ಕೂತಿದ್ರು ಅಪ್ಪ. ನಾಲ್ಕನೇದು ಬೇಕಾಗಲಿಲ್ಲ.”